ಕಪ್ಪು ನಾಲಿಗೆಯ ನಾಯಿಗಳು ಮತ್ತು ಡಾ. ಗೋಲ್ಡ್‌ಬರ್ಗರ್

ವಿಟಮಿನ್‌ಗಳ ಪಾಠವೆಂದರೆ ನಮ್ಮಲ್ಲಿ ಕೋಷ್ಟಕ ಬರೆಸುವುದು ಎಂದೇ ಅರ್ಥ. ಎಡಕ್ಕೆ ವಿಟಮಿನ್, ನಡುವೆ ಆಹಾರ, ಬಲಕ್ಕೆ ಕೊರತೆಯ ರೋಗ. ಬಿ3 ಎದುರಿಗೆ ಪೆಲ್ಲಾಗ್ರ ಎಂದು ಬರೆದ ವಿದ್ಯಾರ್ಥಿಗೆ ಒಂದು ಅಂಕ. ಆ ಪೆಲ್ಲಾಗ್ರ ಎಂಬ ಶಬ್ದದ ಹಿಂದೆ ಎಷ್ಟು ಜನ ಸತ್ತರು, ಅದರ ಬಲಬದಿಯ ಉತ್ತರವನ್ನು ಹುಡುಕಲು ಒಬ್ಬ ವೈದ್ಯ ಹದಿನೈದು ವರ್ಷ ಹೇಗೆ ಕಳೆದ ಎಂಬುದು ಕೋಷ್ಟಕದಲ್ಲಿ ಬರುವುದಿಲ್ಲ. ಈ ಬಾರಿಯ ಅಭ್ಯಾಸ ಪಾಠದಲ್ಲಿ ಒಂಬತ್ತನೆಯ ತರಗತಿಗೆ ಪೋಷಣೆಯ ಘಟಕ ನನ್ನ ಪಾಲಿಗೆ ಬಂದಾಗ, ಎರಡು ಅವಧಿಗಳನ್ನು ಜೋಸೆಫ್ ಗೋಲ್ಡ್‌ಬರ್ಗರರ ಜೀವನಕ್ಕೇ ಮೀಸಲಿಟ್ಟೆ. ಆ ಜೀವನವನ್ನು ಇಲ್ಲಿ ಕ್ರಮವಾಗಿ ಬರೆದಿಡುತ್ತಿದ್ದೇನೆ. ಸಹಪಾಠಿಗಳು ತಮ್ಮ ಪಾಠಕ್ಕೆ ಬೇಕಾದಷ್ಟನ್ನು ತೆಗೆದುಕೊಳ್ಳಬಹುದು.

ಗೋಲ್ಡ್‌ಬರ್ಗರ್ ಹುಟ್ಟಿದ್ದು 1874ರ ಜುಲೈ 16ರಂದು, ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಒಂದು ಹಳ್ಳಿಯಲ್ಲಿ. ಆ ಊರು ಈಗ ಸ್ಲೊವಾಕಿಯಾ ದೇಶದಲ್ಲಿದೆ. ಕುರಿ ಸಾಕಿ ಬದುಕುತ್ತಿದ್ದ ಯಹೂದಿ ಕುಟುಂಬ. ಅವರು ಬಾಲಕರಾಗಿದ್ದಾಗಲೇ ಮನೆಯವರು ಹಡಗು ಹತ್ತಿ ನ್ಯೂಯಾರ್ಕಿಗೆ ಬಂದು, ವಲಸಿಗರು ಕಿಕ್ಕಿರಿದಿದ್ದ ಪೂರ್ವ ಭಾಗದ ಓಣಿಯಲ್ಲಿ ಒಂದು ಕಿರಾಣಿ ಅಂಗಡಿ ಇಟ್ಟರು. ಹುಡುಗ ಅಂಗಡಿಯ ಸಾಮಾನುಗಳನ್ನು ಮನೆಮನೆಗೆ ಮುಟ್ಟಿಸುತ್ತ ಓದಿದ. ಎಂಜಿನಿಯರ್ ಆಗಬೇಕೆಂದು ಸಿಟಿ ಕಾಲೇಜು ಸೇರಿದವನು ಗೆಳೆಯನ ಜೊತೆ ಹೋಗಿ ಒಂದು ವೈದ್ಯಕೀಯ ಉಪನ್ಯಾಸ ಕೇಳಿ ಮನಸ್ಸು ಬದಲಿಸಿದ. 1895ರಲ್ಲಿ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಹೊರಬಂದ. ಪೆನ್ಸಿಲ್ವೇನಿಯಾದ ಒಂದು ಊರಿನಲ್ಲಿ ಖಾಸಗಿ ದವಾಖಾನೆ ನಡೆಸಿ ಬೇಸತ್ತು, 1899ರಲ್ಲಿ ಸರ್ಕಾರದ ನೌಕಾ ಆಸ್ಪತ್ರೆ ಸೇವೆಗೆ ಸೇರಿದರು. ಇದೇ ಮುಂದೆ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯಾಯಿತು.

ಈ ನೌಕರಿಯ ಮೊದಲ ವರ್ಷಗಳಲ್ಲಿ ಅವರು ಯಾವ ರೋಗದ ಹಿಂದೆ ಹೋದರೋ ಆ ರೋಗವೇ ಅವರನ್ನು ಹಿಡಿಯಿತು. ಹಳದಿ ಜ್ವರ, ಡೆಂಗಿ, ಟೈಫಸ್, ಮೂರೂ ಅವರಿಗೆ ಬಂದು ಹೋದವು. ಟೈಫಸ್ ಹೇನಿನಿಂದ ಹರಡುತ್ತದೆ ಎಂಬ ಬಗ್ಗೆ ಮೆಕ್ಸಿಕೊದಲ್ಲಿ ಕೆಲಸ ಮಾಡುವಾಗ ಸಾವಿನ ಹತ್ತಿರಕ್ಕೆ ಹೋಗಿ ಬಂದರು. 1909ರಲ್ಲಿ ಫಿಲಡೆಲ್ಫಿಯಾದಲ್ಲಿ ಜನರಿಗೆ ವಿಚಿತ್ರ ತುರಿಕೆ ಶುರುವಾದಾಗ, ಹುಲ್ಲಿನ ಹಾಸಿಗೆಗಳ ನಡುವೆ ತಮ್ಮ ಬರಿದೋಳನ್ನೇ ತೂರಿಸಿಟ್ಟು, ಎರಡು ದಿನಗಳೊಳಗೆ ಅದು ಹುಲ್ಲಿನಲ್ಲಿರುವ ಒಂದು ನುಸಿಯ ಕೆಲಸವೆಂದು ತೋರಿಸಿದರು. ಮಕ್ಕಳಿಗೆ ಈ ಪ್ರಸಂಗ ಬಹಳ ಹಿಡಿಸುತ್ತದೆ. ಪೀಠಿಕೆಗೆ ಇದು ಸಾಕು, ಇದರಲ್ಲೇ ಹೆಚ್ಚು ಹೊತ್ತು ನಿಲ್ಲಬಾರದು.

1914ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಅವರಿಗೆ ಪೆಲ್ಲಾಗ್ರದ ಕೆಲಸ ವಹಿಸಲಾಯಿತು. ಈ ರೋಗದಲ್ಲಿ ಕೈ, ಪಾದ, ಮುಖ, ಕತ್ತಿನ ಸುತ್ತ ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟಂತೆ ಕೆಂಪಾಗಿ, ಆಮೇಲೆ ಒರಟಾಗಿ ಸುಲಿಯುತ್ತದೆ. ಬಾಯಿ ಹುಣ್ಣಾಗುತ್ತದೆ, ಭೇದಿ ನಿಲ್ಲುವುದಿಲ್ಲ. ಕೊನೆಗೆ ಬುದ್ಧಿ ಕಲಕುತ್ತದೆ. ಒರಟು ಚರ್ಮ ಎಂಬ ಅರ್ಥದ ಇಟಾಲಿಯನ್ ಮಾತೇ ರೋಗದ ಹೆಸರಾಗಿದೆ. ಅಮೆರಿಕದ ದಕ್ಷಿಣದ ಹತ್ತಿ ಸೀಮೆಯಲ್ಲಿ ಪ್ರತಿ ವಸಂತದಲ್ಲೂ ಇದು ಸಾವಿರಾರು ಬಡವರ ಮೇಲೆ ಕಾಣಿಸಿಕೊಳ್ಳುತ್ತಿತ್ತು. ಸೂಕ್ಷ್ಮಾಣುಗಳ ಶೋಧ ಹೊಸದಾಗಿದ್ದ ಕಾಲ ಅದು. ಇದೂ ಒಂದು ಅಂಟುರೋಗವೆಂದು ಹೆಚ್ಚಿನ ವೈದ್ಯರು ನಂಬಿದ್ದರು. ಒಂದು ದೊಡ್ಡ ಆಯೋಗವೂ ಹಾಗೆಯೇ ವರದಿ ಕೊಟ್ಟಿತ್ತು. ಕೆಲವರು ವಂಶದ ದೋಷವೆಂದೂ ಹೇಳುತ್ತಿದ್ದರು.

ಗೋಲ್ಡ್‌ಬರ್ಗರ್ ಸೂಕ್ಷ್ಮದರ್ಶಕದ ಮುಂದೆ ಕೂರಲಿಲ್ಲ. ರೈಲು ಹತ್ತಿ ಹುಚ್ಚಾಸ್ಪತ್ರೆ, ಅನಾಥಾಲಯ, ಜೈಲುಗಳನ್ನು ಸುತ್ತಿದರು. ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಒಳಗಿರುವ ರೋಗಿಗಳಿಗೆ ಪೆಲ್ಲಾಗ್ರ ಬರುತ್ತದೆ, ಅದೇ ಕೋಣೆಯಲ್ಲಿ ಹಗಲಿರುಳು ಅವರನ್ನು ನೋಡಿಕೊಳ್ಳುವ ದಾದಿಯರಿಗೆ ಬರುವುದಿಲ್ಲ. ಅಂಟುರೋಗ ನೌಕರ ಯಾರು, ರೋಗಿ ಯಾರು ಎಂದು ಕೇಳಿ ಅಂಟುತ್ತದೆಯೆ? ಮಿಸಿಸಿಪಿ ರಾಜ್ಯದ ಜಾಕ್ಸನ್ ಊರಿನ ಅನಾಥಾಲಯಗಳಲ್ಲಿ ಇನ್ನೂ ವಿಚಿತ್ರ. ರೋಗ ಹೆಚ್ಚಾಗಿ ಬರುತ್ತಿದ್ದುದು 6ರಿಂದ 12 ವರ್ಷದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರಿಗೂ ಇಲ್ಲ, ದೊಡ್ಡವರಿಗೂ ಇಲ್ಲ.

ಇಲ್ಲಿ ನಾನು ಪಾಠ ನಿಲ್ಲಿಸಿ, ಕಪ್ಪು ಹಲಗೆಯ ಮೇಲೆ ಮೂರು ವಯಸ್ಸಿನ ಗುಂಪುಗಳನ್ನು ಬರೆದು, ಕಾರಣ ಊಹಿಸಲು ಐದು ನಿಮಿಷ ಬಿಟ್ಟೆ. ನೀರು, ಸೊಳ್ಳೆ, ಶಾಲೆಯ ಕೊಠಡಿ ಎಂದೆಲ್ಲ ಹೇಳಿದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಮನೆಯಲ್ಲಿ ಹಾಲು ಕೂಸಿಗೆ, ಬಾಡು ದುಡಿಯುವವರಿಗೆ, ನಡುವಿನವರಿಗೆ ಉಳಿದದ್ದು ಎಂದಳು. ಉತ್ತರ ಅದೇ. ಚಿಕ್ಕ ಮಕ್ಕಳಿಗೆ ಹಾಲು ಕೊಡುತ್ತಿದ್ದರು. ದೊಡ್ಡ ಮಕ್ಕಳು ಕೆಲಸ ಮಾಡುವವರೆಂದು ಮಾಂಸ ಕೊಡುತ್ತಿದ್ದರು. ನಡುವಿನವರ ತಟ್ಟೆಗೆ ಬೀಳುತ್ತಿದ್ದುದು ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಹಂದಿಯ ಕೊಬ್ಬು. ನಮ್ಮ ಅಭ್ಯಾಸ ಶಾಲೆ ಇರುವುದು ಜೋಳದ ಸೀಮೆಯಲ್ಲಿ. ಮೆಕ್ಕೆಜೋಳವನ್ನು ಇಲ್ಲಿ ಗೋವಿನಜೋಳ ಎನ್ನುತ್ತಾರೆ. ಆ ಹೆಸರು ಹೇಳದಿದ್ದರೆ ಮಕ್ಕಳು ಬಿಳಿಜೋಳವೆಂದೇ ತಿಳಿಯುತ್ತಾರೆ.

ಸರ್ಕಾರದ ಹಣದಿಂದ ಗೋಲ್ಡ್‌ಬರ್ಗರ್ ಆ ಅನಾಥಾಲಯಗಳ ಊಟ ಬದಲಿಸಿದರು. ಹಾಲು, ಮೊಟ್ಟೆ, ಮಾಂಸ, ಕಾಳು ಬಂದವು. ಮರುವರ್ಷ ವಸಂತದಲ್ಲಿ ರೋಗ ಹೆಚ್ಚುಕಡಿಮೆ ಮಾಯವಾಯಿತು. ಹಣ ಮುಗಿದು ಹಳೆಯ ಊಟ ಮರಳಿದಾಗ ರೋಗವೂ ಮರಳಿತು.

ಇನ್ನು 1915ರ ಜೈಲಿನ ಪ್ರಯೋಗ. ಮಿಸಿಸಿಪಿಯ ರ್‍ಯಾಂಕಿನ್ ಜೈಲು ತೋಟದಲ್ಲಿ 12 ಕೈದಿಗಳು, ಗವರ್ನರ್ ಕ್ಷಮಾದಾನ ಕೊಡುವ ಒಪ್ಪಂದದ ಮೇಲೆ, ಆರು ತಿಂಗಳು ದಕ್ಷಿಣದ ಬಡವರ ಊಟವನ್ನೇ ಉಣ್ಣಲು ಒಪ್ಪಿದರು. ಒಬ್ಬ ಬೇರೆ ಕಾಯಿಲೆಯಿಂದ ನಡುವೆ ಬಿಟ್ಟ. ಉಳಿದ 11 ಜನರಲ್ಲಿ 6 ಜನರಿಗೆ ಪೆಲ್ಲಾಗ್ರದ ಗುರುತು ಬಂತು. ಊಟ ಸರಿಪಡಿಸಿದರೆ ರೋಗ ಹೋಗುತ್ತದೆ, ಊಟ ಕೆಡಿಸಿದರೆ ಬರುತ್ತದೆ ಎಂಬ ಎರಡೂ ಕೈಗೆ ಸಿಕ್ಕವು. ನನ್ನ ಅಭಿಪ್ರಾಯ ಕೇಳಿದರೆ, ಬಿಡುಗಡೆಯ ಆಸೆ ತೋರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಇಂದು ಯಾವ ನೈತಿಕ ಸಮಿತಿಯೂ ಇದಕ್ಕೆ ಅನುಮತಿ ಕೊಡದು. ಇದನ್ನು ತರಗತಿಯಲ್ಲಿ ಮುಚ್ಚಿಡದೆ ಹೇಳುವುದೇ ಸರಿ.

ಹಾಗೆಂದು ಅವರು ಅಪಾಯವನ್ನು ಬೇರೆಯವರ ಮೇಲಷ್ಟೇ ಹೊರಿಸಿದವರಲ್ಲ. ಅಂಟುರೋಗದ ವಾದ ನಿಲ್ಲದಿದ್ದಾಗ, 1916ರಲ್ಲಿ ರೋಗಿಗಳ ರಕ್ತವನ್ನು ತಮಗೆ ಚುಚ್ಚಿಸಿಕೊಂಡರು. ಗಂಟಲು ಮೂಗಿನ ದ್ರವ ಒರೆಸಿಕೊಂಡರು. ರೋಗಿಗಳ ಚರ್ಮದ ಹೊಟ್ಟು, ಮಲ, ಮೂತ್ರಗಳನ್ನು ಹಿಟ್ಟಿನ ಜೊತೆ ಗುಳಿಗೆ ಮಾಡಿ ನುಂಗಿದರು. ಹದಿನಾರು ಜನ ಇದರಲ್ಲಿ ಸೇರಿದ್ದರು. ಹೆಂಗಸು ಒಬ್ಬರೇ, ಅವರ ಪತ್ನಿ ಮೇರಿ. ಗುಳಿಗೆ ನುಂಗಲು ಅವರಿಗೆ ಬಿಡಲಿಲ್ಲ, ಆದರೆ ರೋಗಿಯ ರಕ್ತವನ್ನು ಹೊಟ್ಟೆಯ ಚರ್ಮದಡಿ ಚುಚ್ಚಿಸಿಕೊಂಡರು. ಯಾರಿಗೂ ಪೆಲ್ಲಾಗ್ರ ಬರಲಿಲ್ಲ. ತರಗತಿಯಲ್ಲಿ ಈ ಭಾಗ ಹೇಳಿದಾಗ ಎದ್ದ ಗದ್ದಲ ತಣ್ಣಗಾಗಲು ಮೂರು ನಿಮಿಷ ಹಿಡಿಯಿತು. ಪಾಠ ಯೋಜನೆ ಬರೆಯುವವರು ಆ ಮೂರು ನಿಮಿಷವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅದೇ ವರ್ಷಗಳಲ್ಲಿ ಎಡ್ಗರ್ ಸೈಡನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞರ ಜೊತೆ ದಕ್ಷಿಣ ಕೆರೊಲಿನಾದ ಏಳು ಹತ್ತಿ ಗಿರಣಿ ಹಳ್ಳಿಗಳಲ್ಲಿ ಮನೆಮನೆಯ ಊಟ ಮತ್ತು ಆದಾಯದ ಲೆಕ್ಕ ಬರೆದರು. ಆದಾಯ ಇಳಿದಂತೆ ರೋಗ ಏರಿತ್ತು. ಸುತ್ತಲಿನ ರೈತರು ಹಾಲು, ಮಾಂಸ, ತರಕಾರಿ ಮಾರಲು ತರುತ್ತಿದ್ದ ಹಳ್ಳಿಯಲ್ಲಿ ರೋಗ ಕಡಿಮೆ. ಸುತ್ತ ಬರೀ ಹತ್ತಿ ಬೆಳೆದು ಕಂಪನಿ ಅಂಗಡಿಯೊಂದೇ ಗತಿಯಾಗಿದ್ದಲ್ಲಿ ಹೆಚ್ಚು. 1921ರಲ್ಲಿ ಹತ್ತಿಯ ಬೆಲೆ ಬಿದ್ದು ರೋಗ ಏರಲಿದೆಯೆಂದು ಅವರು ಎಚ್ಚರಿಸಿದಾಗ, ಅಧ್ಯಕ್ಷ ಹಾರ್ಡಿಂಗ್ ನೆರವಿಗೆ ಮುಂದಾದರು. ದಕ್ಷಿಣದ ರಾಜಕಾರಣಿಗಳು ತಮ್ಮ ನಾಡಿಗೆ ಅವಮಾನವಾಯಿತೆಂದು ಸಿಟ್ಟಾದರು.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಉಳಿದಿತ್ತು. ಊಟದಲ್ಲಿ ಇಲ್ಲದಿರುವುದು ಏನು? ಗೋಲ್ಡ್‌ಬರ್ಗರ್ ಮೊದಲು ಪ್ರೋಟೀನಿನ ಯಾವುದೋ ಅಮೈನೋ ಆಮ್ಲವಿರಬೇಕೆಂದು ನಂಬಿದ್ದರು. ಮನುಷ್ಯರ ಮೇಲೆ ಒಂದೊಂದೇ ಆಹಾರ ಪರೀಕ್ಷಿಸುತ್ತ ಹೋದರೆ ಒಂದು ಜನ್ಮ ಸಾಲದು. ಇದೇ ರೋಗ ಬರುವ ಪ್ರಾಣಿಯೊಂದು ಬೇಕಿತ್ತು. ಅದು ದಕ್ಷಿಣದ ಅಂಗಳಗಳಲ್ಲೇ ಓಡಾಡುತ್ತಿತ್ತು.

ಆ ಸೀಮೆಯ ಪಶುವೈದ್ಯರಿಗೆ ನಾಯಿಗಳ ಕಪ್ಪು ನಾಲಿಗೆ ರೋಗ ಹಳೆಯ ಪರಿಚಯ. ನಾಯಿ ಮೊದಲು ಊಟ ಬಿಡುತ್ತದೆ. ಬಾಯೊಳಗಿನ ಪೊರೆ ಕೆಂಪಾಗಿ ಹುಣ್ಣಾಗುತ್ತದೆ, ಜೊಲ್ಲು ಸುರಿದು ದುರ್ವಾಸನೆ ಬರುತ್ತದೆ, ನಾಲಿಗೆ ನೀಲಿಗಪ್ಪಾಗುತ್ತದೆ. ರಕ್ತಭೇದಿಯಾಗಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಬಡವರು ತಾವು ತಿನ್ನುವ ಮೆಕ್ಕೆಜೋಳದ ರೊಟ್ಟಿಯನ್ನೇ ನಾಯಿಗೂ ಹಾಕುತ್ತಿದ್ದರು. ಯಜಮಾನನಿಗೆ ಪೆಲ್ಲಾಗ್ರ, ಅವನ ನಾಯಿಗೆ ಕಪ್ಪು ನಾಲಿಗೆ. 1917ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚಿಟೆಂಡನ್ ಮತ್ತು ಅಂಡರ್‌ಹಿಲ್ ಬಿಸ್ಕತ್ತಿನ ಪುಡಿ, ಬಟಾಣಿ, ಹತ್ತಿಬೀಜದ ಎಣ್ಣೆ ಮಾತ್ರ ತಿನ್ನಿಸಿ ನಾಯಿಗಳಲ್ಲಿ ಇಂಥದೇ ಲಕ್ಷಣ ತಂದಿದ್ದರು. 1922ರಲ್ಲಿ ಗೋಲ್ಡ್‌ಬರ್ಗರ್ ಮತ್ತು ಅವರ ಸಂಗಡಿಗ ವೀಲರ್ ಇವೆರಡೂ ಒಂದೇ ರೋಗವಿರಬೇಕೆಂದು ಬರೆದು, ವಾಷಿಂಗ್ಟನ್‌ನ ಪ್ರಯೋಗಾಲಯದಲ್ಲಿ ನಾಯಿಗಳನ್ನು ಇಟ್ಟುಕೊಂಡು ಕೆಲಸ ಶುರುಮಾಡಿದರು.

ಮುಂದಿನದು ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ದಿನವೂ ಅದೇ ಹಿಟ್ಟು ಕಂಡು ನಾಯಿಗಳು ಮೂತಿ ತಿರುಗಿಸತೊಡಗಿದವು. ಉಣ್ಣದ ನಾಯಿಯ ಮೇಲೆ ಊಟದ ಪ್ರಯೋಗ ಹೇಗೆ? ಹಸಿವು ಕೆರಳಲಿ ಎಂದು ಹಿಟ್ಟಿಗೆ ಒಣಗಿಸಿದ ಯೀಸ್ಟ್ ಬೆರೆಸಿದರು. ನಾಯಿಗಳು ಉಂಡವು. ಆದರೆ ತಿಂಗಳುಗಳು ಕಳೆದರೂ ಅವುಗಳಿಗೆ ಕಪ್ಪು ನಾಲಿಗೆ ಬರಲಿಲ್ಲ. ರುಚಿಗೆಂದು ಹಾಕಿದ್ದೇ ಔಷಧವಾಗಿತ್ತು. ಆಮೇಲೆ ರೋಗ ಬಂದ ನಾಯಿಗಳಿಗೇ ಯೀಸ್ಟ್ ಕೊಟ್ಟು ನೋಡಿದರು, ಕೆಲವೇ ದಿನಗಳಲ್ಲಿ ಚೇತರಿಸಿಕೊಂಡವು. ಜಾರ್ಜಿಯಾ ರಾಜ್ಯದ ಮಿಲೆಜ್‌ವಿಲ್ ಮಾನಸಿಕ ಆಸ್ಪತ್ರೆಯ ಪೆಲ್ಲಾಗ್ರ ರೋಗಿಗಳಿಗೆ ಕೊಟ್ಟಾಗಲೂ ಅದೇ ಫಲ. ಯೀಸ್ಟನ್ನು ಒತ್ತಡದ ಹಬೆಯಲ್ಲಿ ಬಹಳ ಹೊತ್ತು ಕಾಯಿಸಿದರೆ ಬೆರಿಬೆರಿ ತಡೆಯುವ ಗುಣ ಹೋಗುತ್ತಿತ್ತು, ಪೆಲ್ಲಾಗ್ರ ತಡೆಯುವ ಗುಣ ಉಳಿಯುತ್ತಿತ್ತು. ಅಂದರೆ ಅಂದು ಒಂದೇ ಎಂದುಕೊಂಡಿದ್ದ ವಿಟಮಿನ್ ಬಿ ಒಳಗೆ ಕನಿಷ್ಠ ಎರಡು ವಸ್ತುಗಳಿದ್ದವು. ಬಿ1, ಬಿ2, ಬಿ3 ಎಂದು ಯಾಕೆ ಎಣಿಸುತ್ತಾರೆ ಎಂಬ ಮಕ್ಕಳ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಪಠ್ಯದಲ್ಲಿಲ್ಲ.

ನಾಯಿಗಳೇನಾದವು ಎಂದು ಒಬ್ಬ ಹುಡುಗ ಕೇಳಿದ. ಕೆಲವು ಬದುಕಿದವು, ಹಲವು ಸತ್ತವು ಎಂದೆ. ಅವನು ಮತ್ತೇನೂ ಕೇಳಲಿಲ್ಲ, ನಾನೂ ಸಮಾಧಾನದ ಮಾತು ಸೇರಿಸಲಿಲ್ಲ.

1927ರಲ್ಲಿ ಮಿಸಿಸಿಪಿ ನದಿ ಉಕ್ಕಿ ಹರಿದು ಲಕ್ಷಾಂತರ ಜನ ಮನೆ ಕಳೆದುಕೊಂಡಾಗ ಗೋಲ್ಡ್‌ಬರ್ಗರ್ ಮತ್ತು ಸೈಡನ್‌ಸ್ಟ್ರಿಕರ್ ಆ ಸೀಮೆ ಸುತ್ತಿದರು. ಹಸುಗಳು, ಕೋಳಿಗಳು, ಹಿತ್ತಲುಗಳು ಕೊಚ್ಚಿಹೋಗಿದ್ದವು. ಪೆಲ್ಲಾಗ್ರ ಹೆಚ್ಚುತ್ತಿತ್ತು. ಅವರ ಸಲಹೆಯಂತೆ ರೆಡ್‌ಕ್ರಾಸ್ ಸಂಸ್ಥೆ ಯೀಸ್ಟ್ ಹಂಚಿತು. ನಾಯಿಯ ತಟ್ಟೆಯಲ್ಲಿ ಸಿಕ್ಕ ಪುಡಿ ಮನುಷ್ಯರ ಜೀವ ಉಳಿಸಿತು. ಆದರೂ ಯೀಸ್ಟ್ ತಾತ್ಕಾಲಿಕ, ನಿಜವಾದ ಪರಿಹಾರ ಒಳ್ಳೆಯ ಕೂಲಿ, ಹಿತ್ತಲಿನ ಹಸು ಮತ್ತು ಹತ್ತಿಯಲ್ಲದ ಬೆಳೆ ಎಂಬುದೇ ಅವರ ನಿಲುವಾಗಿತ್ತು. ಅಷ್ಟನ್ನು ಮಾಡಿಸುವ ಶಕ್ತಿ ಒಬ್ಬ ಸರ್ಕಾರಿ ವೈದ್ಯನಿಗೆ ಎಲ್ಲಿಂದ ಬರಬೇಕು?

1929ರ ಜನವರಿ 17ರಂದು, 54ನೆಯ ವಯಸ್ಸಿನಲ್ಲಿ, ಮೂತ್ರಪಿಂಡದ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಚಿತಾಭಸ್ಮವನ್ನು ಪೊಟೊಮ್ಯಾಕ್ ನದಿಯಲ್ಲಿ ಬಿಟ್ಟರು. ತಾವು ಹುಡುಕಿದ ವಸ್ತುವಿನ ಹೆಸರು ಅವರಿಗೆ ತಿಳಿಯಲೇ ಇಲ್ಲ. 1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾನ್ರಾಡ್ ಎಲ್ವೆಹೆಮ್ ಮತ್ತು ಸಂಗಡಿಗರು ಕಪ್ಪು ನಾಲಿಗೆಯ ನಾಯಿಗೆ ನಿಕೋಟಿನಿಕ್ ಆಮ್ಲ ಕೊಟ್ಟರು. ನಾಯಿ ಎದ್ದು ಉಂಡಿತು. ರಸಾಯನಶಾಸ್ತ್ರಜ್ಞರ ಕಪಾಟಿನಲ್ಲಿ ಎಷ್ಟೋ ದಶಕಗಳಿಂದ ಇದ್ದ ಪದಾರ್ಥವದು. ಹೊಗೆಸೊಪ್ಪಿನ ನಿಕೋಟಿನ್ ನೆನಪಾಗದಿರಲಿ ಎಂದು ಮುಂದೆ ನಿಯಾಸಿನ್ ಎಂದು ಹೆಸರಿಟ್ಟರು. 1945ರಲ್ಲಿ, ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವೂ ನಿಯಾಸಿನ್ನಿನ ಕೊರತೆ ತುಂಬಬಲ್ಲದೆಂದು ಅದೇ ವಿಸ್ಕಾನ್ಸಿನ್‌ನಲ್ಲಿ ಗೊತ್ತಾಯಿತು. ಗೋಲ್ಡ್‌ಬರ್ಗರರ ಮೊದಲಿನ ಊಹೆಯಲ್ಲೂ ಹುರುಳಿತ್ತು ಎಂದಾಯಿತು. ಮೆಕ್ಸಿಕೊದ ಮೂಲನಿವಾಸಿಗಳು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ತಿನ್ನುತ್ತಿದ್ದರು. ಕಾಳಿನಲ್ಲಿ ಬಿಗಿದುಕೊಂಡಿರುವ ನಿಯಾಸಿನ್ ಸುಣ್ಣದಿಂದ ಬಿಡುಗಡೆಯಾಗುತ್ತದೆ. ಬೆಳೆ ಸಮುದ್ರ ದಾಟಿ ಯೂರೋಪಿಗೆ ಹೋಯಿತು, ಸುಣ್ಣದ ಜ್ಞಾನ ಹೋಗಲಿಲ್ಲ.

ನಮ್ಮ ಜೋಳದ ರೊಟ್ಟಿಗೂ ಈ ಕತೆಗೂ ನೇರ ಸಂಬಂಧವಿದೆ. ದಖ್ಖನ್ ಪ್ರಸ್ಥಭೂಮಿಯಲ್ಲಿ ಜೋಳವನ್ನೇ ನೆಚ್ಚಿದ ಬಡವರಲ್ಲೂ ಪೆಲ್ಲಾಗ್ರ ಕಾಣುತ್ತಿತ್ತು. 1960ರಲ್ಲಿ ಹೈದರಾಬಾದಿನ ಪೋಷಣಾ ಪ್ರಯೋಗಾಲಯದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇದಕ್ಕೆ ಕಾರಣವಿರಬಹುದೆಂದು ಸೂಚಿಸಿದರು. ಆ ದಶಕದಲ್ಲಿ ಅಲ್ಲಿ ನಾಯಿಮರಿಗಳ ಆಹಾರಕ್ಕೆ ಲ್ಯೂಸಿನ್ ಸೇರಿಸಿ ಕಪ್ಪು ನಾಲಿಗೆ ಬರುವುದನ್ನು ತೋರಿಸಿದರು. ಈ ವಾದವನ್ನು ಬೇರೆ ಎಲ್ಲ ಪ್ರಯೋಗಾಲಯಗಳೂ ಒಪ್ಪಲಿಲ್ಲ. ಜೋಳ ತಿನ್ನಬಾರದೆಂದು ಇದರಿಂದ ಅರ್ಥ ಮಾಡಿಕೊಳ್ಳಬಾರದು ಎಂಬುದನ್ನು ನಾನು ತರಗತಿಯಲ್ಲಿ ಎರಡು ಸಲ ಹೇಳಿದೆ. ಬೇಳೆ, ಹಾಲು, ಶೇಂಗಾ, ಸೊಪ್ಪು ಜೊತೆಗಿದ್ದರೆ ರೊಟ್ಟಿ ಒಳ್ಳೆಯ ಊಟವೇ.

ಎರಡನೆಯ ಅವಧಿಯ ಕೊನೆಗೆ, ನಾನು ನಿರೀಕ್ಷಿಸಿದಂತೆಯೇ, ಚರ್ಚೆ ಮಕ್ಕಳ ಮನೆಯ ನಾಯಿಗಳ ಕಡೆ ತಿರುಗಿತು. ಹಾಗಾದರೆ ನಮ್ಮ ನಾಯಿಗೂ ವಿಟಮಿನ್ ಗುಳಿಗೆ ಹಾಕಬೇಕೆ ಎಂದು ಕೇಳಿದರು. ಒಬ್ಬ ತನ್ನ ಅಣ್ಣ ಔಷಧಿ ಅಂಗಡಿಯಿಂದ ತಂದ ಟಾನಿಕ್ ಬಾಟಲಿಯ ಸುದ್ದಿ ಹೇಳಿದ. ನಾನು ಹೇಳಿದ್ದು ಇಷ್ಟು. ಗೋಲ್ಡ್‌ಬರ್ಗರರ ನಾಯಿಗಳಿಗೆ ಯೀಸ್ಟ್ ಪವಾಡದಂತೆ ಕೆಲಸ ಮಾಡಿದ್ದು ಅವುಗಳ ತಟ್ಟೆಯಲ್ಲಿ ಅದು ಇರಲಿಲ್ಲವಾದ್ದರಿಂದ. ಇರುವ ನಾಯಿಗೆ ಇನ್ನಷ್ಟು ಹಾಕಿದರೆ ಪವಾಡ ನಡೆಯದು. ಬರೀ ರೊಟ್ಟಿ, ಅನ್ನ ತಿನ್ನುವ ನಾಯಿಗೆ ಬೇಯಿಸಿದ ಮೊಟ್ಟೆ, ಸ್ವಲ್ಪ ಮಾಂಸ ಅಥವಾ ಪಿತ್ತಜನಕಾಂಗದ ಚೂರು ಸಿಕ್ಕರೆ ನಿಯಾಸಿನ್ ಬಂದೀತು. ಪಿತ್ತಜನಕಾಂಗವನ್ನೂ ದಿನವೂ ಹೆಚ್ಚಾಗಿ ಹಾಕಬಾರದು, ಅದರಲ್ಲಿ ವಿಟಮಿನ್ ಎ ಅತಿಯಾಗಿದೆ. ವಿಟಮಿನ್ ಸಿ ಕೊಂಡು ತರುವ ಅಗತ್ಯವಿಲ್ಲ, ನಾಯಿ ಅದನ್ನು ತನ್ನ ದೇಹದಲ್ಲೇ ತಯಾರಿಸಿಕೊಳ್ಳುತ್ತದೆ. ವಿಟಮಿನ್ ಡಿ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ. ಮನುಷ್ಯರ ಜಗಿಯುವ ಗುಳಿಗೆಗಳಲ್ಲಿ ಕೆಲವಕ್ಕೆ ಸಿಹಿಗಾಗಿ ಹಾಕುವ ಜೈಲಿಟಾಲ್ ನಾಯಿಗೆ ವಿಷ. ಯೀಸ್ಟ್ ಹಾಕಿ ಉಬ್ಬಲಿಟ್ಟ ಹಸಿ ಹಿಟ್ಟೂ ಅಪಾಯ, ಹೊಟ್ಟೆಯಲ್ಲೇ ಉಬ್ಬುತ್ತದೆ. ನಾಯಿ ಊಟ ಬಿಟ್ಟರೆ, ಬಾಯಿ ಹುಣ್ಣಾದರೆ ಟಾನಿಕ್ ಹುಡುಕದೆ ಪಶು ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಗೆಲಸವಾಗಿ, ನಾಯಿ ಇರುವವರು ಅದರ ಒಂದು ವಾರದ ಊಟವನ್ನೂ, ಇಲ್ಲದವರು ತಮ್ಮದೇ ಒಂದು ವಾರದ ಊಟವನ್ನೂ ದಿನಕ್ಕೊಂದು ಸಾಲಿನಂತೆ ಬರೆದು ತರಲು ಹೇಳಿದೆ. ಗಿರಣಿ ಹಳ್ಳಿಗಳಲ್ಲಿ ಗೋಲ್ಡ್‌ಬರ್ಗರ್ ಬರೆಸಿದ ಪಟ್ಟಿಯ ಚಿಕ್ಕ ರೂಪವಿದು. ಬಂದ ಪಟ್ಟಿಗಳನ್ನು ಓದುವಾಗ ಒಂದು ಎಚ್ಚರ ಬೇಕಾಯಿತು. ಇಬ್ಬರು ಮಕ್ಕಳ ಪಟ್ಟಿ ಏಳು ದಿನವೂ ರೊಟ್ಟಿ, ಖಾರ ಎಂದಷ್ಟೇ ಇತ್ತು. ಅವನ್ನು ಗಟ್ಟಿಯಾಗಿ ಓದಿಸಲಿಲ್ಲ, ಗೋಡೆಗೂ ಹಚ್ಚಲಿಲ್ಲ. ಅಂದು ಸಂಜೆ ಅವೆರಡನ್ನು ತರಗತಿಯ ಶಿಕ್ಷಕಿಯವರಿಗೆ ತೋರಿಸಿದೆ. ಬಿಸಿಯೂಟದಲ್ಲಿ ಆ ಇಬ್ಬರೂ ಬೇಳೆಯ ಸಾರು ಎರಡನೆಯ ಸಲ ಹಾಕಿಸಿಕೊಳ್ಳುವಂತೆ ಅವರು ಅಡುಗೆಯವರಿಗೆ ಹೇಳಿದರು.